ಘಟ್ಟ ಇಳಿಯದ ಮಿಸ್ತ್ರಿ

ಕಾರು ಓಡಿಸುವುದೇ ಡ್ರೈವರನ ಕೆಲಸ ಎಂದು ನಂಬಿಕೊಂಡು ಈ ಉದ್ಯೋಗಕ್ಕೆ ಬರುತ್ತಿರುವ ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ, ಅದು ಈ ಕೆಲಸದ ತೀರ ಸಣ್ಣ ಭಾಗ. ಸ್ಟೇರಿಂಗು ಹಿಡಿದು ರಸ್ತೆ ಇರುವ ಕಡೆಗೆ ತಿರುಗಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ನಾನೇ ಕಲಿತಿದ್ದೇನೆ ಎಂದಮೇಲೆ ಬೇರೆ ಸಾಕ್ಷಿ ಬೇಡ. ನಮ್ಮ ಕಾಲದಲ್ಲಿ ಡ್ರೈವರನ ಯೋಗ್ಯತೆ ಅಳೆಯುತ್ತಿದ್ದುದು ಬೇರೊಂದು ವಿದ್ಯೆಯಿಂದ. ಗಾಡಿ ಕೆಟ್ಟಾಗ ಅದನ್ನು ಯಾರ ಕೈಗೆ ಕೊಡಬೇಕೆಂಬುದು ಅವನಿಗೆ ಗೊತ್ತಿರಬೇಕಿತ್ತು. ಮಗಳನ್ನು ಕೊಡುವ ಮನೆಯನ್ನೂ ಜನ ಅಷ್ಟು ವಿಚಾರಿಸುತ್ತಿರಲಿಲ್ಲ. ಮಗಳಿಗೆ ತೊಂದರೆಯಾದರೆ ಕಾಗದ ಬರೆಯುತ್ತಾಳೆ. ಕಾರು ಏನೂ ಹೇಳದೆ ಇದ್ದು, ಘಟ್ಟದ ತಿರುವಿನಲ್ಲಿ ತನ್ನ ಅಭಿಪ್ರಾಯ ತಿಳಿಸುತ್ತದೆ.

ನಾನು ಸಿದ್ದಾಪುರ ತಾಲೂಕಿನವನು. ನಾಲ್ಕು ಮಂತ್ರ ಕಲಿತು ಪೌರೋಹಿತ್ಯ ಮಾಡಿಕೊಂಡಿರಲಿ ಎಂದು ಮನೆಯವರು ಪಾಠಶಾಲೆಗೆ ಕಳಿಸಿದ್ದರು. ಮೂರು ಮಂತ್ರ ಆಗುವಷ್ಟರಲ್ಲಿ ಲಾರಿಯೊಂದರ ಸಹವಾಸವಾಗಿ, ಸುತ್ತಿ ಬಳಸಿ ಕೊನೆಗೆ ಸಿರ್ಸಿಯ ಅಡಿಕೆ ವ್ಯಾಪಾರಿ ಶಿವಲಿಂಗಪ್ಪ ಸಾಹುಕಾರರ ಕಾರಿನ ಡ್ರೈವರನಾಗಿ ನೆಲೆ ನಿಂತೆ. ಸಾಹುಕಾರರ ಮೂಲ ಬನವಾಸಿ ಕಡೆ. ನನ್ನನ್ನು ಅವರು ಕೊನೆಯವರೆಗೂ 'ಭಟ್ರ' ಎಂದೇ ಕರೆದರು. ಆ ಗೌರವ ನನ್ನ ಮೂರು ಮಂತ್ರಕ್ಕೆ ಸಂದದ್ದೆಂದು ತಿಳಿದು ನಾನೂ ಸುಮ್ಮನಿದ್ದೆ.

ಕಾರು ಕರಿಯ ಬಣ್ಣದ ವಿಲಾಯತಿ ಗಾಡಿ, ಮುಂಬಯಿ ಸರಕಾರದ ಕಾಲದಲ್ಲಿ ಯಾರೋ ದೊಡ್ಡ ಅಧಿಕಾರಿ ಓಡಾಡಿಸಿ ಬಿಟ್ಟದ್ದು. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂತು. ಕಚೇರಿಯ ಬೋರ್ಡು ಬದಲಾಯಿತು, ಮಾಮಲೇದಾರರು ಹೋಗಿ ತಹಶೀಲ್ದಾರರು ಬಂದರು, ನಮ್ಮ ಕಾರಿನ ನಂಬರೂ ಬದಲಾಯಿತು. ಬ್ರೇಕು ಮಾತ್ರ ಹಿಂದಿನ ಸರಕಾರದ್ದೇ ಉಳಿಯಿತು.

ಸಾಹುಕಾರರು ಸಮಾಧಾನದ ಮನುಷ್ಯ. ಒಂದೇ ಒಂದು ವಿಷಯದಲ್ಲಿ ಅವರಿಗೆ ಸಮಾಧಾನ ಇರಲಿಲ್ಲ. ಗಾಡಿ ಮನೆಯಲ್ಲಿ ಕೆಡಲಿ, ಕಾಡಿನಲ್ಲಿ ಕೆಡಲಿ, ನಾಲ್ಕು ಜನರ ಮುಂದೆ ಮಾತ್ರ ನಿಲ್ಲಬಾರದು.

ಅದು ನಿಂತದ್ದು ಉಮ್ಮಚಗಿಯಲ್ಲಿ, ನಾಲ್ಕಲ್ಲ, ನಲವತ್ತು ಜನರ ಮುಂದೆ. ಅದಕ್ಕೆ ಮೊದಲು ಯಲ್ಲಾಪುರದ ಒಬ್ಬ ರಿಪೇರಿ ಮಿಸ್ತ್ರಿಗೆ ತೋರಿಸಿದ್ದೆವು. ಅವನ ಹೆಸರು ಬೇಡ, ಮೊಮ್ಮಕ್ಕಳು ಒಳ್ಳೆಯವರಿದ್ದಾರೆ. ಅವನು ಬಾನೆಟ್ಟು ತೆಗೆಯುವ ಮೊದಲೇ ಹಿಂದೆ ರಿಪೇರಿ ಮಾಡಿದವನ ಕುಲಗೋತ್ರವನ್ನೆಲ್ಲ ಬಿಚ್ಚಿಡುತ್ತಿದ್ದ. 'ಯಾವ ಪಾಪಿ ಕೈ ಹಾಕಿದ್ದಾನ್ರೀ ಇದಕ್ಕೆ?' ಎಂದು ಆತ ಕೇಳಿದ. ಹಿಂದಿನ ಸಲ ಕೈ ಹಾಕಿದವನೂ ಅವನೇ. ಅವನ ರಿಪೇರಿ ಯಲ್ಲಾಪುರದಿಂದ ಉಮ್ಮಚಗಿಯವರೆಗೆ ಬಾಳಿತು.

ಗಾಡಿ ನಿಂತಿತು, ಸಾಹುಕಾರರು ಇಳಿಯಲಿಲ್ಲ. ಇಳಿದರೆ ಗಾಡಿ ನಿಂತಿದೆ ಎಂದು ಒಪ್ಪಿಕೊಂಡಂತೆ. ಊರಿನ ಎಂಟು ಜನ ಹಿಂದಿನಿಂದ ತಳ್ಳುತ್ತಿದ್ದರೆ ಅವರು ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತು, ಎಡಬಲದವರ ನಮಸ್ಕಾರ ಸ್ವೀಕರಿಸುತ್ತ ಊರು ದಾಟಿದರು. ಎದುರಿಗೆ ಬಂದ ಅಡಿಕೆ ಬೆಳೆಗಾರರೊಬ್ಬರು 'ಎಂತ ಸಾಹುಕಾರ್ರೆ, ನಿಧಾನಕ್ಕೆ ಹೊರಟ್ರಿ?' ಎಂದು ಕೇಳಿದ್ದಕ್ಕೆ, 'ಅವಸರೇನದ' ಎಂದರು.

ಮನೆ ಮುಟ್ಟಿದ ಮೇಲೆ ನನ್ನನ್ನು ಕರೆದರು.

'ಭಟ್ರ, ಈ ಗಾಡಿ ಇನ್ನೊಂದ್ಸಲ ಮಂದಿ ಮುಂದ ನಿಂತ್ರ ಗಾಡೀನೂ ಮಾರ್ತೀನಿ, ನಿಮ್ನೂ ಮನೀಗೆ ಕಳಸ್ತೀನಿ. ಆಮ್ಯಾಲೆ ನೀವುಂಟು, ನಿಮ್ಮ ಪಂಚಪಾತ್ರಿ ಉಂಟು.'

ಮೂರು ಮಂತ್ರದ ಬಂಡವಾಳದಲ್ಲಿ ಸಂಸಾರ ನಡೆಯುವುದಿಲ್ಲ. ನಾನು ಅಂದಿನಿಂದ ನಂಬಿಗಸ್ತ ಮಿಸ್ತ್ರಿಯ ಶೋಧನೆಯಲ್ಲಿ ತೊಡಗಿದೆ.

ಮೊದಲು ನನ್ನ ಸೀಮೆಯ ದೊಡ್ಮನೆಯ ಹೆಗಡೆಯವರನ್ನು ಕೇಳಿದೆ. ಅವರ ಹತ್ತಿರವೂ ಒಂದು ಕಾರಿತ್ತು. ಹೆಗಡೆಯವರು ದೇವರ ಪ್ರಸಾದ ಕೇಳದೆ ಬಾವಿಯನ್ನೂ ತೋಡಿಸಿದವರಲ್ಲ. ದೇವರ ಮೇಲೆ ಹೂವು ಇಟ್ಟು ಪ್ರಶ್ನೆ ಕೇಳುವುದು, ಬಲಗಡೆಯ ಹೂವು ಬಿದ್ದರೆ ಆದೀತು, ಎಡಗಡೆಯದು ಬಿದ್ದರೆ ಬೇಡ. ಕಾರು ಕೊಂಡ ವರ್ಷವೇ ಅದು ಸ್ವಲ್ಪ ಕೆಮ್ಮಿತು. ಹೆಗಡೆಯವರು ಸಿರ್ಸಿ, ಯಲ್ಲಾಪುರ, ಹುಬ್ಬಳ್ಳಿಯ ಮಿಸ್ತ್ರಿಗಳ ಹೆಸರನ್ನೆಲ್ಲ ಒಂದೊಂದಾಗಿ ದೇವರ ಮುಂದಿಟ್ಟರು. ಎಲ್ಲರಿಗೂ ಎಡಗಡೆಯ ಹೂವೇ ಬಿತ್ತು.

'ಹೆಗಡೇರೆ, ಅವರಲ್ಲಿ ಒಬ್ಬಿಬ್ಬರು ಒಳ್ಳೆಯವರಿದ್ದಾರಲ್ಲ?' ಎಂದೆ.

'ಒಳ್ಳೆವ್ವು ಹೇಳಿ ನಂಗೂ ಗೊತ್ತಿದ್ದು ತಮಾ. ಪ್ರಸಾದ ಆಜಿಲ್ಲೆ, ಎಂತ ಮಾಡವು?'

ಕಾರು ಗಾಡಿಮನೆಯಲ್ಲಿ ಹುಲ್ಲಿನ ಪಕ್ಕ ನಿಂತೇ ಇತ್ತು. ವಾರಕ್ಕೊಮ್ಮೆ ಒರೆಸುತ್ತಿದ್ದರು, ಆಯುಧಪೂಜೆಗೆ ಕುಂಬಳಕಾಯಿ ಒಡೆಯುತ್ತಿದ್ದರು. ಮೂರು ತಾಲೂಕಿನಲ್ಲಿ ದಾರಿಯ ಮೇಲೆ ಒಮ್ಮೆಯೂ ಕೈಕೊಡದ ಕಾರೆಂದರೆ ಅದೊಂದೇ.

ಇದನ್ನು ಸಿರ್ಸಿಯ ಸ್ಟ್ಯಾಂಡಿನಲ್ಲಿ ಹೇಳಿದಾಗ ಹಸನ್ ಸಾಬರು ಬೀಡಿ ಕೆಳಗಿಟ್ಟು ನಕ್ಕರು. ಬಾಡಿಗೆ ಕಾರಿನವರಲ್ಲಿ ಅವರೇ ಹಿರಿಯರು, ಅವರ ಮಾತು ಸ್ಟ್ಯಾಂಡಿಗೆ ಧರ್ಮಶಾಸ್ತ್ರ.

'ಭಟ್‌ಜಿ, ದೇವ್ರಿಗೆ ಯಾಕೆ ತಕಲೀಫ್ ಕೊಡ್ತೀರಿ? ಬ್ರೇಕಿಗೆ ಕೈ ಹಾಕಿದವನ್ನ ಮುಂದಿನ ಸೀಟಿಗೆ ಕೂರಿಸಿ ದೇವಿಮನೆ ಘಟ್ಟ ಇಳಿಸಿ. ಕೂತ್ರೆ ಮಿಸ್ತ್ರಿ. ಕೂರದಿದ್ರೆ ಬರೀ ಕೈ ಹೊಲಸು ಮಾಡ್ಕೊಂಡವನು.'

ಸಿರ್ಸಿಯಿಂದ ಕುಮಟೆಗೆ ಇಳಿಯುವ ಆ ಘಟ್ಟ ಅಂದಿನ ದಿನದಲ್ಲಿ ಒಂದು ನ್ಯಾಯಾಲಯವೇ ಆಗಿತ್ತು. ಅಲ್ಲಿ ಮಿಸ್ತ್ರಿಗಳ ವರ್ತನೆಯನ್ನು ನಾನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದೇನೆ. ಒಬ್ಬ ಹೊರಟಲ್ಲಿಂದ ಬಾಗಿಲ ಹಿಡಿಯ ಮೇಲಿನ ಕೈ ತೆಗೆಯಲಿಲ್ಲ. ಒಬ್ಬನಿಗೆ ಘಟ್ಟದ ನೆತ್ತಿಯಲ್ಲಿ, ಸರಿಯಾಗಿ ಇಳಿಜಾರು ಶುರುವಾಗುವಲ್ಲಿ, ಮನೆಯಲ್ಲಿ ಮರೆತುಬಂದ ಕೆಲಸ ನೆನಪಾಯಿತು. ಇನ್ನೊಬ್ಬ ಬಾಯಿ ತುಂಬ ಮಾತಾಡುತ್ತಿದ್ದ, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕಾಲು ನೋಡಿದರೆ, ಬಲಗಾಲು ತನ್ನ ಮುಂದೆ ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಬಾಯಿ ಸುಳ್ಳು ಹೇಳೀತು, ಪಾದಕ್ಕೆ ಅಷ್ಟು ಅಭ್ಯಾಸ ಇರುವುದಿಲ್ಲ.

ಹೀಗೆ ಜರಡಿ ಹಿಡಿದಾಗ ಉಳಿದವನು ರಾಮಾ ಮಿಸ್ತ್ರಿ. ಅವನು ಸೀಟಿನಲ್ಲಿ ಕಾಲು ಮಡಚಿ ಕೂತು ಎಲೆಯಡಿಕೆಯ ಕವಳ ಹಾಕುತ್ತ ಇಳಿದ. ನಾಲ್ಕೈದು ವರ್ಷ ನಮ್ಮ ಗಾಡಿ, ನನ್ನ ನೌಕರಿ ಎರಡೂ ಅವನ ಕೈಯಲ್ಲಿ ಸುಖವಾಗಿದ್ದವು. ಸುಖವಾಗಿದ್ದುದನ್ನು ಬರೆಯಲು ಏನೂ ಇರುವುದಿಲ್ಲ. ಆಮೇಲೆ ಅವನು ಹುಬ್ಬಳ್ಳಿಯ ದೊಡ್ಡ ವರ್ಕ್‌ಶಾಪಿಗೆ ಸೇರಿ ಹೊರಟುಹೋದ. ಅದೇ ವಾರ ಸಾಹುಕಾರರ ಮನೆಗೆ ಬ್ಯಾಡಗಿಯಿಂದ ಬೀಗರಾಗುವವರು ಬರುತ್ತಾರೆಂದು ಸುದ್ದಿ ಬಂತು.

ಬೀಗರು ಮೆಣಸಿನಕಾಯಿ ವ್ಯಾಪಾರಸ್ಥರು, ಬಯಲುಸೀಮೆಯವರು. ಸಾಹುಕಾರರ ಮಗಳನ್ನು ತಮ್ಮ ಮಗನಿಗೆ ತಂದುಕೊಳ್ಳುವ ಮಾತು ಮುಕ್ಕಾಲು ಪಾಲು ಆಗಿತ್ತು. ಉಳಿದ ಕಾಲು ಪಾಲನ್ನು ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಮಾಡಿ, ಜೀವಮಾನದಲ್ಲಿ ಒಮ್ಮೆ ಸಮುದ್ರ ನೋಡಿ ಮುಗಿಸೋಣ ಎಂದು ಹೇಳಿಕಳಿಸಿದ್ದರು. ಹೋಗುವುದು ನಮ್ಮ ಕಾರಿನಲ್ಲಿ, ಇಳಿಯುವುದು ದೇವಿಮನೆ ಘಟ್ಟ. ಕಾರಾದರೋ ಬ್ರೇಕು ತುಳಿದರೆ ಎಡಕ್ಕೆ ಎಳೆಯುತ್ತಿತ್ತು. ಆ ಘಟ್ಟದಲ್ಲಿ ಇಳಿಯುವಾಗ ಎಡಗಡೆ ಏನಿದೆ ಎಂದು ಹೇಳಿ ಬೀಗರನ್ನು ಹೆದರಿಸುವುದು ಬೇಡ.

'ಭಟ್ರ, ನೆನಪೈತಲ್ಲ?' ಎಂದರು ಸಾಹುಕಾರರು. ಪಂಚಪಾತ್ರೆಯ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಊರಲ್ಲಿ ಉಳಿದಿದ್ದವನು ಇನಾಸ ಮಿಸ್ತ್ರಿ ಒಬ್ಬ. ಹೊನ್ನಾವರ ಕಡೆಯ ಕ್ರಿಶ್ಚನ್ನರವನು, ಮನೆಯಂಗಳದಲ್ಲೇ ತಗಡಿನ ಮಾಡು ಹಾಕಿಕೊಂಡು ಅಕ್ಕಿ ಗಿರಣಿಯ ಎಂಜಿನ್ನು, ತೋಟದ ಪಂಪು ಇಂಥವನ್ನು ರಿಪೇರಿ ಮಾಡುತ್ತಿದ್ದ. ಕಾರಿನ ಕೆಲಸವೂ ಬರುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಸ್ಟ್ಯಾಂಡಿನವರು ಯಾರೂ ಬ್ರೇಕನ್ನು ಅವನ ಕೈಗೆ ಕೊಡುತ್ತಿರಲಿಲ್ಲ. ಕಾರಣ ಸರಳ. ಅವನು ಕೂರುತ್ತಿರಲಿಲ್ಲ. ಎಷ್ಟು ಕರೆದರೂ, ಯಾರು ಕರೆದರೂ, ಘಟ್ಟ ಇಳಿಯಲು ಒಪ್ಪುತ್ತಿರಲಿಲ್ಲ. ತನ್ನ ಕೆಲಸದ ಮೇಲೆ ತನಗೇ ಭರವಸೆ ಇಲ್ಲದವನೆಂದು ಶಾಸ್ತ್ರ ತೀರ್ಮಾನವಾಗಿತ್ತು.

ಬೇರೆ ಗತಿಯಿಲ್ಲದೆ ಗಾಡಿ ಒಯ್ದೆ. ಎರಡು ದಿನ ಇಟ್ಟುಕೊಂಡು ಕೆಲಸ ಮಾಡಿದ. ಮಾತು ಕಮ್ಮಿ. ಹಿಂದಿನ ಮಿಸ್ತ್ರಿಯನ್ನು ಬಯ್ಯಲಿಲ್ಲ, ಅದೇ ನನಗೆ ವಿಚಿತ್ರ ಎನಿಸಿತು.

'ಆಗಿದೆ ಭಟ್ರೆ, ತಗೊಂಡು ಹೋಗಿ.'

'ಮಿಸ್ತ್ರಿ, ನಾಳೆ ಕುಮಟೆವರೆಗೆ ಒಂದು ಸಲ ಇಳಿದು ಬರುವ. ನೀವೂ ಬನ್ನಿ.'

'ನಾನು ಬರುದಿಲ್ಲ.'

'ಯಾಕೆ?'

'ಬರುದಿಲ್ಲ ಅಂದ್ರೆ ಬರುದಿಲ್ಲ.'

ಅಷ್ಟರಲ್ಲಿ ಅವನ ಹೆಂಡತಿ ಮರಿಬಾಯಿ ಹಿತ್ತಿಲಿಂದ ಕೊಡ ಹೊತ್ತು ಬಂದವಳು ಕೊಡ ಇಳಿಸಿ, ಸೊಂಟಕ್ಕೆ ಕೈಕೊಟ್ಟು ನಿಂತಳು.

'ಹೇಳಿಬಿಡಿ ಅಲ್ಲ. ಇವತ್ತಿಗೆ ಎಷ್ಟು ವರ್ಷ ಮುಚ್ಚಿಡುದು?'

'ನೀನು ಸುಮ್ನಿರು.'

'ನಾನೇ ಹೇಳ್ತೆ. ಭಟ್ರೆ, ಇವರಿಗೆ ಗಾಡಿ ಹತ್ತಿದ್ರೆ ವಾಂತಿ. ಎರಡು ತಿರುವು ಆಗುದಿಲ್ಲ, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ನಮ್ಮ ಮದುವೆ ಆಗಿ ಬರುವಾಗ ನಾನು ಬಸ್ಸಿನಲ್ಲಿ ಬಂದೆ, ಇವರು ಘಟ್ಟ ನಡೆದು ಹತ್ತಿ ಬಂದ್ರು. ನೆಂಟರೆಲ್ಲ ಮದುವೆ ಗಂಡು ಓಡಿಹೋದ ಅಂತ ತಿಳಿದಿದ್ರು.'

ಇನಾಸ ಕೈಯೊರೆಸುವ ಬಟ್ಟೆಯಿಂದ ಮೊದಲೇ ಸ್ವಚ್ಛವಾಗಿದ್ದ, ನಟ್ಟು ಬಿಚ್ಚುವ ಪಾನಾವನ್ನು ಮತ್ತೆ ಒರೆಸತೊಡಗಿದ.

'ಇದನ್ನು ಮೊದಲೇ ಹೇಳಬಾರದಿತ್ತಾ ಮಿಸ್ತ್ರಿ? ಊರೆಲ್ಲ ನಿಮ್ಮ ಕೆಲಸ ಸರಿಯಿಲ್ಲ ಅಂತ ತಿಳಿದಿದೆ.'

'ತಿಳೀಲಿ. ಕೆಲಸ ಸರಿಯಿಲ್ಲದ ಮಿಸ್ತ್ರಿ ಊರಲ್ಲಿ ಎಷ್ಟೋ ಜನ ಇದ್ದಾರೆ. ಗಾಡಿ ಹತ್ತಿದ್ರೆ ವಾಂತಿ ಮಾಡುವ ಮಿಸ್ತ್ರಿ ಅಂದ್ರೆ ನಾನೊಬ್ಬನೇ ಆಗ್ತೆ.'

ಈ ತರ್ಕಕ್ಕೆ ಉತ್ತರ ಮರಿಬಾಯಿಯಲ್ಲಿತ್ತು.

'ಇವರ ಬದಲು ನಾನು ಕೂರ್ತೆ. ನನ್ನ ತವರು ಕುಮಟೆ ಹತ್ತಿರವೇ. ಅಮ್ಮನ್ನ ನೋಡಿದ ಹಾಗೂ ಆಯ್ತು.'

ಮಿಸ್ತ್ರಿಯ ಬದಲಿಗೆ ಹೆಂಡತಿ ಕೂತರೆ ಪರೀಕ್ಷೆ ಪರೀಕ್ಷೆಯೇ? ಶಾಸ್ತ್ರದಲ್ಲಿ ಇದಕ್ಕೆ ಆಧಾರ ಇರಲಿಲ್ಲ. ಸ್ಟ್ಯಾಂಡಿನ ಮರದ ಕೆಳಗೆ ಸಭೆ ಸೇರಿತು. ಮಿಸ್ತ್ರಿಯ ವಾಂತಿಯ ವಿಷಯವನ್ನು ನಾನು ಗುಟ್ಟಾಗಿಯೇ ಇಡಬೇಕೆಂದಿದ್ದೆ, ಆದರೆ ಅದಿಲ್ಲದೆ ಪ್ರಶ್ನೆಯನ್ನು ಮಂಡಿಸಲು ಬರುವಂತಿರಲಿಲ್ಲ. ಯಾರೂ ನಗಲಿಲ್ಲ, ವಿಷಯ ಅಷ್ಟು ಗಂಭೀರವಾಗಿತ್ತು. ಹೆಂಡತಿ ಅರ್ಧಾಂಗಿ, ಆದ್ದರಿಂದ ಅರ್ಧ ಭರವಸೆ ಎಂದು ಒಬ್ಬ ವಾದಿಸಿದ. ಮತ್ತೊಬ್ಬ, ಹೆಂಡತಿಯನ್ನು ಕಳಿಸಲು ಇಷ್ಟು ಸುಲಭಕ್ಕೆ ಒಪ್ಪುತ್ತಾನೆಂದರೆ ಬ್ರೇಕಿಗಿಂತ ಮೊದಲು ಗಂಡನ ಮೇಲೇ ಸಂಶಯ ಪಡಬೇಕು ಎಂದ. ಹಸನ್ ಸಾಬರು ಬಹಳ ಹೊತ್ತು ಕಣ್ಣು ಮುಚ್ಚಿದ್ದು ತೀರ್ಪು ಕೊಟ್ಟರು.

'ಗಂಡ ಹೆಂಡ್ತಿ ಮನೇಲಿ ಹೇಗಿದಾರೆ ನೋಡ್ಕೊಂಡು ಬನ್ನಿ. ಚೆನ್ನಾಗಿದ್ರೆ ಕೂರಿಸಿ. ಇಲ್ಲಾಂದ್ರೆ ಬೇಡ.'

ಹೀಗೆ ಕಾರಿನ ಬ್ರೇಕು ಹಿಡಿಯುತ್ತದೋ ಇಲ್ಲವೋ ತಿಳಿಯಲು ನಾನು ಒಬ್ಬರ ಸಂಸಾರವನ್ನು ವಿಚಾರಿಸುತ್ತ ಹೊರಟೆ. ಇನಾಸನ ಪಕ್ಕದ ಮನೆಯ ಅಜ್ಜಿ ಅಂಗಳದಲ್ಲಿ ಹಪ್ಪಳ ಕಾಯುತ್ತಿದ್ದಳು.

'ಅಜ್ಜಿ, ಮಿಸ್ತ್ರಿ ಮನೆಯಲ್ಲಿ ಜಗಳ ಗಿಗಳ ಉಂಟಾ?'

'ವಾರಕ್ಕೆ ಎರಡು ಸಲ ಖಾಯಂ. ಆ ಮರಿಬಾಯಿ ಕೂಗಿದ್ರೆ ನನ್ನ ಹಪ್ಪಳದ ಮೇಲಿನ ಕಾಗೆ ಹಾರಿಹೋಗ್ತದೆ. ನಂಗೆ ಉಪಕಾರವೇ.'

'ಎಂತಕ್ಕೆ ಜಗಳ?'

'ಮಾಡಿದ್ದು ಉಣ್ಣುದಿಲ್ಲ ಅಂತ.'

ವರದಿಯನ್ನು ಸಭೆಗೆ ಒಪ್ಪಿಸಿದೆ. ಹಸನ್ ಸಾಬರು ತಲೆದೂಗಿದರು. 'ಉಣ್ಲಿಲ್ಲ ಅಂತ ಬೈಯೋ ಹೆಂಡ್ತಿ ಇರೋ ಮನೆ ಸರಿ ಇದೆ. ಕೂರಿಸಿ.'

ಮರುದಿನ ಬೆಳಿಗ್ಗೆ ಮರಿಬಾಯಿ ಹಸಿರು ಸೀರೆ ಉಟ್ಟು, ಒಂದು ಖಾಲಿ ಬುಟ್ಟಿ ಹಿಡಿದು ಮುಂದಿನ ಸೀಟಿನಲ್ಲಿ ಕೂತಳು. ಘಟ್ಟದ ನೆತ್ತಿ ಬಂತು. ನಾನು ವಾಡಿಕೆಯಂತೆ ಪಾದ ನೋಡಿದೆ. ಮರಿಬಾಯಿ ಚಪ್ಪಲಿ ಕಳಚಿ ಕಾಲು ಚಾಚಿ ಕೂತಿದ್ದಳು. ಮೊದಲನೆಯ ದೊಡ್ಡ ತಿರುವಿನಲ್ಲಿ ಮುಖ ನೋಡಿದೆ. ನಿದ್ದೆ ಮಾಡುತ್ತಿದ್ದಳು. ರಾಮಾ ಮಿಸ್ತ್ರಿಯಾದರೂ ಎಚ್ಚರವಿದ್ದ.

ಗಾಡಿ ಎಲ್ಲಿಯೂ ಎಡಕ್ಕೆ ಎಳೆಯಲಿಲ್ಲ. ಘಟ್ಟದ ಬುಡದಲ್ಲಿ ಬಾಯಿ ಎದ್ದಳು.

'ಬಾಯಿ, ನಿಮಗೆ ಹೆದರಿಕೆ ಆಗಲಿಲ್ಲವಾ?'

'ಎಂತಕ್ಕೆ? ನಿನ್ನೆ ಇವರು ಎರಡು ಸಲ ಅನ್ನ ಹಾಕಿಸ್ಕೊಂಡ್ರು.'

ನನಗೆ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. 'ಕೆಲಸ ಮನಸ್ಸಿಗೆ ಬಂದ ದಿನ ಎರಡನೇ ಸಲ ಅನ್ನ ಕೇಳ್ತಾರೆ. ಎಲ್ಲಾದ್ರೂ ಒಂಚೂರು ಸಂಶಯ ಉಳಿದಿದ್ರೆ ಒಂದೇ ಸಲ. ಅದನ್ನೂ ಅರ್ಧ ಬಿಟ್ಟು ಏಳ್ತಾರೆ. ಬಾಯಲ್ಲಿ ಮಾತ್ರ ಯಾವಾಗ್ಲೂ ಆಗಿದೆ ಅಂತ್ಲೇ ಹೇಳುದು. ಅವರಿಗೆ ಗೊತ್ತಿಲ್ಲ, ನಂಗೆ ಗೊತ್ತು. ಅದಕ್ಕೇ ಕೂಗುದು ನಾನು.'

ಹಿಂದಿರುಗುವಾಗ ಎಲ್ಲ ಸುಸೂತ್ರವಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಘಟ್ಟದ ಮಧ್ಯದಲ್ಲಿ ಗಾಡಿಯೊಳಗೆ ಒಂದು ವಾಸನೆ ಎದ್ದಿತು. ಎಂಜಿನ್ನಿನಲ್ಲಿ ಏನೋ ಸುಡುತ್ತಿದೆ ಎಂದು ನಿಲ್ಲಿಸಿ ಬಾನೆಟ್ಟು ತೆಗೆದೆ. ಏನೂ ಇಲ್ಲ. ಮುಂದೆ ಹೋದಂತೆ ವಾಸನೆ ಹೆಚ್ಚಾಯಿತು. ಮತ್ತೆ ನಿಲ್ಲಿಸಿ, ಎಂಜಿನ್ನಿನ ಒಂದೊಂದು ಭಾಗವನ್ನೂ ಮೂಸಿ ನೋಡಿದೆ. ಬಾಯಿ ಕಿಟಕಿಯಿಂದ ತಲೆ ಹಾಕಿ ಸ್ವಲ್ಪ ಹೊತ್ತು ನೋಡಿದಳು.

'ಭಟ್ರೆ, ಅದು ಎಂಜಿನ್ ಅಲ್ಲ, ನನ್ನ ಬುಟ್ಟಿ. ಅಮ್ಮ ಒಣ ಮೀನು ಕೊಟ್ಟಿದ್ದು.'

ನಾನು ಹುಟ್ಟಿದಂದಿನಿಂದ ಆ ಪದಾರ್ಥದ ಪರಿಚಯ ಇಲ್ಲದವನು. ಸಾಹುಕಾರರ ಮನೆಯಲ್ಲಿ ಲಿಂಗಪೂಜೆ ಆಗದೆ ನೀರು ಕುಡಿಯುವುದಿಲ್ಲ. ಆ ಸೀಟಿನಲ್ಲಿ ಒಂದು ಹಗಲು ಬಿಟ್ಟು ಬೀಗರು ಕೂರಬೇಕು, ಗೋಕರ್ಣಕ್ಕೆ ಹೋಗಬೇಕು.

ಬಾಯಿಯನ್ನು ಮನೆಗೆ ಬಿಟ್ಟವನೇ ಗಾಡಿಯನ್ನು ಹಳ್ಳಕ್ಕಿಳಿಸಿದೆ. ಅಂದೂ ತೊಳೆದೆ, ಮರುದಿನವೂ ತೊಳೆದೆ. ಸೀಗೆಕಾಯಿ ಪುಡಿ ಹಾಕಿ ತಿಕ್ಕಿದೆ. ಮೀನಿನ ದೋಷ ಪರಿಹಾರಕ್ಕೆ ಯಾವ ಮಂತ್ರವೆಂದು ತಿಳಿಯದೆ, ಬರುವ ಮೂರನ್ನೂ ಹೇಳಿದೆ. ವಾಸನೆ ಹೋಯಿತು, ಅದರ ಜೊತೆಗೆ ಬ್ರೇಕೂ ಹೋಯಿತು. ಅಷ್ಟೊತ್ತು ನೀರಿನಲ್ಲಿ ನಿಂತ ಚಕ್ರಗಳು ಒಳಗೆಲ್ಲ ನೆನೆದು, ತುಳಿದರೆ ಹಿಡಿಯುವ ಬದಲು ಕಿರ್ರೆಂದು ಅಳುತ್ತಿದ್ದವು. ಬೀಗರು ಆಗಲೇ ಸಾಹುಕಾರರ ಮನೆಗೆ ಬಂದು ಇಳಿದಿದ್ದರು. ಬೆಳಗಾದರೆ ಪ್ರಯಾಣ.

ಸಂಜೆ ಗಾಡಿಯನ್ನು ಇನಾಸನ ಅಂಗಳಕ್ಕೆ ತಂದು ನಿಲ್ಲಿಸಿದೆ. ಏನಾಯಿತೆಂದು ಅವನು ಕೇಳಲಿಲ್ಲ. ಚಕ್ರಕ್ಕೆ ಮೂಗು ಹತ್ತಿರ ತಂದು 'ಸೀಗೆಕಾಯಿಯಾ?' ಎಂದ, ಅಷ್ಟೆ. ನಾಲ್ಕೂ ಚಕ್ರ ಬಿಚ್ಚಿದ. 'ಬೆಳಿಗ್ಗೆ ಬನ್ನಿ.'

ಬೆಳಿಗ್ಗೆ ಹೋದೆ. ಗಾಡಿ ಒಣಗಿ, ಒಪ್ಪವಾಗಿ ನಿಂತಿತ್ತು. ಅಂಗಳದಲ್ಲೇ ಓಡಿಸಿ ತುಳಿದು ನೋಡಿದೆ. ಬ್ರೇಕು ಗಪ್ಪನೆ ಹಿಡಿಯಿತು.

'ಆಗಿದೆ' ಎಂದ ಇನಾಸ.

ಹೊರಡುವಾಗ ಬಾಗಿಲಲ್ಲಿ ಮರಿಬಾಯಿ ನಿಂತಿದ್ದಳು. ಸೌಜನ್ಯಕ್ಕೆಂದು ಕೇಳಿದೆ, 'ಬಾಯಿ, ಮಿಸ್ತ್ರಿ ಊಟ?'

ಅವಳು ಗಂಡನ ಕಡೆ ನೋಡಿ ದನಿ ತಗ್ಗಿಸಿದಳು. 'ಒಂದೇ ಸಲ. ಅರ್ಧ ಬಿಟ್ಟು ಎದ್ರು.'

ತಿರುಗಿ ಇನಾಸನನ್ನು ಕೇಳಿದೆ, 'ಮಿಸ್ತ್ರಿ, ಏನಾದರೂ ಉಳಿದಿದೆಯಾ?'

'ಎಂತ ಉಳೀಲಿಲ್ಲ. ಹಿಡೀತದಲ್ಲ, ಹೋಗಿ.'

ಸಾಹುಕಾರರ ಮನೆಯವರೆಗೆ ಗಾಡಿ ತಂದೆ. ಬೀಗರು, ಅವರ ಹೆಂಡತಿ, ಸಾಹುಕಾರರು, ಎಲ್ಲರೂ ಅಣಿಯಾಗಿ ಜಗುಲಿಯಲ್ಲಿದ್ದರು. ರೊಟ್ಟಿಯ ಬುತ್ತಿ ಡಿಕ್ಕಿ ಸೇರಿತು. ನೆರೆಹೊರೆಯವರು ಬೀಳ್ಕೊಡಲು ಬಂದು ನಿಂತಿದ್ದರು. ಎಲ್ಲರೂ ಹತ್ತಿ ಕೂತರು. ನಾನು ಕೀಲಿ ಹಿಡಿದು ಹೊರಗೇ ನಿಂತಿದ್ದೆ. ಹೊರಟರೆ ನೌಕರಿ ಉಳಿಯುತ್ತದೆ, ಘಟ್ಟದ ನೆತ್ತಿಯವರೆಗಂತೂ ಉಳಿಯುತ್ತದೆ.

'ಯಾಕ ಭಟ್ರ, ಹತ್ರಿ.'

'ಸಾಹುಕಾರ್ರೆ, ಗಾಡಿ ಹೊರಡಲಿಕ್ಕಿಲ್ಲ.'

'ಏನಾಗೈತಿ?'

'ಏನೂ ಆಗಿಲ್ಲ. ಮಿಸ್ತ್ರಿ ಸರಿಯಾಗಿ ಊಟ ಮಾಡಿಲ್ಲ.'

ಆ ಮುಖವನ್ನು ನಾನು ಮರೆತಿಲ್ಲ. ಸಾಹುಕಾರರು ಮೊದಲು ಬೀಗರ ಕಡೆ ನೋಡಿ ಸಣ್ಣಗೆ ನಕ್ಕರು, ಆಮೇಲೆ ನಗು ನಿಲ್ಲಿಸಿದರು.

'ಅಂವ ಉಣಲಿಲ್ಲಂದ್ರ ನಾವ್ಯಾಕ ಗೋಕರ್ಣಕ್ಕ ಹೋಗಬಾರ್ದು?'

ಇದಕ್ಕೆ ಉತ್ತರಿಸಬೇಕಾದರೆ ಮೊದಲಿನಿಂದ ಹೇಳಬೇಕು. ಹೇಳಿದೆ. ವಾಂತಿ ಹೇಳಿದೆ, ಮರಿಬಾಯಿಯ ನಿದ್ದೆ ಹೇಳಿದೆ, ಎರಡು ಸಲದ ಅನ್ನ ಹೇಳಿದೆ. ಬುಟ್ಟಿಯ ಪ್ರಸಂಗವನ್ನು ಮಾತ್ರ ಸಂಕ್ಷೇಪಿಸಿ, ಗಾಡಿ ಶುದ್ಧಿ ಮಾಡುವಾಗ ನೀರು ಹೊಕ್ಕಿತು ಎಂದೆ. ಜಗುಲಿಯ ಕಡೆಯಿಂದ ಯಾರೋ ಕಿಸಕ್ಕೆಂದರು.

'ಕೀಲಿ ಕೊಡ್ರಿ, ಭಟ್ರ' ಎಂದರು ಸಾಹುಕಾರರು ಶಾಂತವಾಗಿ. ಕೊಟ್ಟೆ. ಕೀಲಿ ಅವರ ಕಿಸೆ ಸೇರಿತು. ಪಂಚಪಾತ್ರೆ ಅಟ್ಟದ ಮೇಲೆ ಯಾವ ಮೂಲೆಯಲ್ಲಿದೆ ಎಂದು ನಾನು ಮನಸ್ಸಿನಲ್ಲೇ ಹುಡುಕತೊಡಗಿದೆ.

ಆಗ ಬೀಗರು ಕೆಮ್ಮಿದರು.

'ತಡೀರಿ ಸಾಹುಕಾರ್ರ. ನಮ್ಮ ಮನ್ಯಾಗ ಅಡಗಿ ಮಾಡಾಂವ ತಾ ಮಾಡಿದ್ದು ತಾನ ಉಣಲಿಲ್ಲಂದ್ರ ನಾನೂ ಉಣ್ಣಂಗಿಲ್ಲ. ಇದೂ ಹಂಗ ಐತಿ. ನಡೀರಿ, ಆ ಮಿಸ್ತ್ರಿನ್ನ ನೋಡೂಣು.'

ಹೇಳಿ ಇಳಿದೇಬಿಟ್ಟರು. ಬೀಗರು ಇಳಿದಮೇಲೆ ಸಾಹುಕಾರರು ಕೂತಿರುವುದು ಹೇಗೆ? ಅವರೂ ಇಳಿದರು, ಕೀಲಿಯನ್ನು ನನ್ನ ಕಡೆ ನೋಡದೆ ಚಾಚಿದರು. ಮುಂದೆ ಬೀಗರು, ಪಕ್ಕದಲ್ಲಿ ಸಾಹುಕಾರರು, ಹಿಂದೆ ಹೆಂಗಸರು, ಎಲ್ಲರ ಹಿಂದೆ ನಡಿಗೆಯ ವೇಗದಲ್ಲಿ ಖಾಲಿ ಕಾರು. ಪೇಟೆಯ ನಡುವೆ ಮೆರವಣಿಗೆ ಸಾಗಿತು. ಸ್ಟ್ಯಾಂಡಿನ ಹತ್ತಿರ ಹಸನ್ ಸಾಬರು ಒಮ್ಮೆ ನೋಡಿದವರು, ಎದ್ದು ಬಂದು ಸೇರಿಕೊಂಡರು. ಅವರ ಹಿಂದೆ ಇಡೀ ಸ್ಟ್ಯಾಂಡು ಬಂತು.

ಅಂಗಳ ತುಂಬ ಜನ ಕಂಡು ಇನಾಸ ಹೆದರಿದ. ಬೀಗರು ಮೃದುವಾಗಿ ಕೇಳಿದರು, 'ಮಿಸ್ತ್ರಿ, ಗಾಡಿ ಆಗೇತೇನ್ರಿ?'

'ಆಗಿದೆ.'

'ಮನಸ್ಸಿಗೆ ಬಂದೈತಿ?'

ಇನಾಸ ಹೆಂಡತಿಯನ್ನು ನೋಡಿದ. ಅವಳು ಆಕಾಶ ನೋಡಿದಳು. ಕೊನೆಗೆ ಹೇಳಿದ, 'ಹಿಂದಿನ ಎಡಗಡೆ ಚಕ್ರದಲ್ಲಿ ಒಂದು ರಬ್ಬರ್ ವಾಷರ್. ಕೆಟ್ಟಿದೆ ಅಂತ ಅಲ್ಲ. ಒಂಚೂರು ಉಬ್ಬಿದ ಹಾಗೆ ಕಂಡಿತು. ನಡೀತದೆ. ಹೊಸದು ನನ್ನ ಹತ್ರ ಒಂದೇ ಉಂಟು, ಅದು ಡಾಕ್ಟರ ಗಾಡಿಗೆ ಅಂತ ಹುಬ್ಬಳ್ಳಿಯಿಂದ ತರಿಸಿದ್ದು. ಇನ್ನೊಬ್ಬರ ಸಾಮಾನು ಹೇಗೆ ಹಾಕುದು?'

'ಡಾಕ್ಟರ್ರು ಘಟ್ಟ ಇಳಿಯವರದಾರೇನು ಇವತ್ತು?' ಎಂದರು ಸಾಹುಕಾರರು.

'ಇಲ್ಲ. ಅವರ ಗಾಡಿ ಇಲ್ಲೇ ಹಿಂದೆ ಬಿಚ್ಚಿಟ್ಟದ್ದು ಉಂಟು.'

'ಹಾಕ್ರಿ ಹಂಗಾದ್ರ. ಅವರಿಗೆ ನಾ ಹೇಳತೀನಿ.'

ಚಕ್ರ ಮತ್ತೆ ಬಿಚ್ಚಿ ಹಳೆಯ ವಾಷರ್ ತೆಗೆದ. ಹಿಂಡಿದರೆ ಅಂಚಿನಲ್ಲಿ ಕೂದಲಿನಷ್ಟು ಸೀಳು ಬಾಯಿ ತೆರೆಯಿತು. ಹಸನ್ ಸಾಬರು ಅದನ್ನು ಕೈಗೆ ತೆಗೆದುಕೊಂಡು, ಸಾಹುಕಾರರಿಗೆ ತೋರಿಸಿ ಕೆಳಗಿಟ್ಟರು. ಹೊಸದು ಕೂತಿತು, ಬ್ರೇಕಿನ ಆಯಿಲ್ ತುಂಬಿ, ಕೊಳವೆಯೊಳಗಿನ ಗಾಳಿ ತೆಗೆದದ್ದಾಯಿತು. ಇನಾಸ ಕೈ ಒರೆಸಿಕೊಂಡ.

'ಆಗಿದೆ.'

ಯಾರೂ ಕದಲಲಿಲ್ಲ. ಅವನ ಬಾಯಿಮಾತಿನ 'ಆಗಿದೆ'ಗೆ ಆ ಅಂಗಳದಲ್ಲಿ ಆಗಲೇ ಬೆಲೆ ಇಳಿದಿತ್ತು. ಎಲ್ಲರೂ ಮರಿಬಾಯಿಯ ಕಡೆ ನೋಡಿದರು.

'ಬನ್ನಿ, ಉಣ್ಣಿ' ಎಂದಳು ಅವಳು ಗಂಡನಿಗೆ.

'ಈಗಲಾ? ಇಷ್ಟು ಜನ ನಿಂತಿರುವಾಗ?'

'ಉಣ್ರಿ ಮಿಸ್ತ್ರಿ' ಎಂದರು ಬೀಗರು, 'ನಮಗ ಅವಸರಿಲ್ಲ.'

ಪಾಪ, ತನ್ನ ಊಟ ಒಂದು ತನಿಖೆಯ ವಿಷಯವಾಗಿದೆ ಎಂದು ಅವನಿಗೇನು ಗೊತ್ತು? ಕೈ ತೊಳೆದು ಒಳಗೆ ಹೋದ. ಸಿರ್ಸಿಯ ಅಡಿಕೆ ವ್ಯಾಪಾರ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರ, ಬಾಡಿಗೆ ಕಾರುಗಳ ಸ್ಟ್ಯಾಂಡು, ಎಲ್ಲವೂ ಒಂದು ಅಡಿಗೆಮನೆಯ ಗೋಡೆಗೆ ಕಿವಿ ಕೊಟ್ಟು ನಿಂತವು. ಪಕ್ಕದ ಅಜ್ಜಿಯೂ ಹಪ್ಪಳ ಬಿಟ್ಟು ಬೇಲಿಗೆ ಬಂದಳು. ತಟ್ಟೆ ಇಟ್ಟ ಸದ್ದು. ಸೌಟಿನ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಸಾಹುಕಾರರು ಅಂಗವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ತಟ್ಟೆಯನ್ನು ಬೆರಳಿನಿಂದ ಬಳಿಯುವ ಸದ್ದು ಕೇಳಿತು. ಬಳಿದು ಏಳುತ್ತಾನೋ, ಕೂತಿರುತ್ತಾನೋ? ನಾನು ನನ್ನ ಮೂರು ಮಂತ್ರಗಳಲ್ಲಿ ಮೊದಲನೆಯದನ್ನು ಶುರು ಮಾಡಿದೆ.

'ಮರಿ, ಇನ್ನೊಂಚೂರು ಅನ್ನ ಹಾಕು.'

ಬೀಗರು ಹೋಗಿ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

'ತಗೀರಿ ಗಾಡಿ, ಭಟ್ರ' ಎಂದರು ಸಾಹುಕಾರರು. ನೌಕರಿಯ ಮಾತು ಅಂದು ಎತ್ತಲಿಲ್ಲ, ಮುಂದೆಂದೂ ಎತ್ತಲಿಲ್ಲ.

ಘಟ್ಟದಲ್ಲಿ ಬೀಗರು ಒಮ್ಮೆ ಮಾತ್ರ ಮೂಗೆಳೆದು, 'ಈ ಗಾಡ್ಯಾಗ ಸೀಗೀಕಾಯಿ ವಾಸನಿ ಯಾಕ ಬರತೈತಿ?' ಎಂದು ಕೇಳಿದರು. ನಾನು ಬೆಳಿಗ್ಗೆ ತಲೆ ಮಿಂದಿದ್ದೇನೆ ಎಂದೆ. ಆಮೇಲೆ ಅವರು ನಿದ್ದೆ ಹೋದರು. ಸಮುದ್ರ ನೋಡಿದವರೇ 'ಮಗಳನ್ನ ಕೊಡ್ರಿ' ಎಂದರಂತೆ. ಎರಡಕ್ಕೂ ಏನು ಸಂಬಂಧವೋ ನನಗೆ ತಿಳಿಯದು.

ಅಂದಿನಿಂದ ಸ್ಟ್ಯಾಂಡಿನ ಶಾಸ್ತ್ರ ತಿದ್ದುಪಡಿಯಾಯಿತು. ಕಾರುಗಳೆಲ್ಲ ಇನಾಸನ ಅಂಗಳಕ್ಕೆ ಬಂದವು, ಡ್ರೈವರುಗಳು ಬೆಳಿಗ್ಗೆ ಅಡಿಗೆಮನೆಯ ಬಾಗಿಲಿಗೆ ಬಂದರು. ಅವನಿಗೆ ವಿಷಯ ತಿಳಿದಾಗ, 'ಇನ್ನು ಮೇಲೆ ನನಗೆ ಹಲ್ಲುನೋವು ಬರುವ ಹಾಗೂ ಇಲ್ಲ' ಎಂದು ಗೊಣಗಿದ. ಹಲ್ಲುನೋವಿಗಿಂತ ದೊಡ್ಡ ತೊಂದರೆ ಫೆಬ್ರುವರಿಯ ಹೊತ್ತಿಗೆ ಬಂತು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಇನಾಸ ವ್ರತ ಹಿಡಿದು ಒಂದೇ ಸಲ ಬಡಿಸಿಕೊಳ್ಳುತ್ತಿದ್ದ, ಕೆಲಸ ಮನಸ್ಸಿಗೆ ಬಂದರೂ ಒಂದೇ, ಬಾರದಿದ್ದರೂ ಒಂದೇ. ಬ್ರೇಕು ರಿಪೇರಿಯಾದ ಗಾಡಿಗಳೆಲ್ಲ ಘಟ್ಟ ಇಳಿಯಲು ಅಂಜಿ ಬಯಲಿನ ಕಡೆಗಷ್ಟೇ ಬಾಡಿಗೆ ಹೋದವು. ಗುಡ್ ಫ್ರೈಡೇ ಆ ವರ್ಷ ಯಾವತ್ತು ಬೀಳುತ್ತದೆಂದು ಹಸನ್ ಸಾಬರು ಪಾದ್ರಿಗಳನ್ನೇ ಕೇಳಿಬಂದು ಸ್ಟ್ಯಾಂಡಿಗೆ ತಿಳಿಸಿದರು.

ಈಸ್ಟರ್ ಭಾನುವಾರ ಮಧ್ಯಾಹ್ನ ಮರಿಬಾಯಿ ತಾನೇ ಸ್ಟ್ಯಾಂಡಿಗೆ ಬಂದಳು. 'ಮೂರು ಸಲ' ಎಂದಳು. ಗಾಡಿಗಳು ಒಂದರ ಹಿಂದೆ ಒಂದು ಹೊರಟವು.

ಈ ಸುದ್ದಿ ಸಿದ್ದಾಪುರದ ಕಡೆಗೂ ಮುಟ್ಟಿತು. ನಾಲ್ಕು ದಿನ ಬಿಟ್ಟು ದೊಡ್ಮನೆಯ ಹೆಗಡೆಯವರ ಕಾರು, ಲಾರಿಯೊಂದರ ಹಿಂದೆ ಹಗ್ಗ ಕಟ್ಟಿಸಿಕೊಂಡು ಸಿರ್ಸಿಗೆ ಬಂತು. ಒಳಗೆ ಹೆಗಡೆಯವರು ನೆಟ್ಟಗೆ ಕೂತಿದ್ದರು.

'ಪ್ರಸಾದ ಆಯಿತಾ ಹೆಗಡೇರೆ?' ಎಂದೆ.

'ಈ ಸಲ ಕೇಳಿದ್ನಿಲ್ಲೆ ತಮಾ. ಆ ಬಾಯಿ ಹೇಳಿದ್ದು ಸಾಕು.'

ಇನಾಸ ಬಾನೆಟ್ಟು ತೆಗೆದ. ಒಳಗಿಂದ ಒಂದು ಇಲಿ ಹಾರಿ ಓಡಿತು, ಹಿಂದೆಯೇ ಅದರ ಸಂಸಾರ. ಅವನು ಗಾಡಿಯ ಸುತ್ತ ಒಂದು ಸಲ ನಿಧಾನಕ್ಕೆ ಸುತ್ತಿಬಂದು, ಅಡಿಗೆಮನೆಯ ಕಡೆ ತಿರುಗಿ ಕೂಗಿದ.

'ಮರಿ, ಒಂದು ವಾರ ನಂಗೆ ಅಕ್ಕಿ ಹಾಕ್ಬೇಡ.'